ಕೈಬೋರಿನ ಸರಳು

“ಗುರುಗಳೇ, ಇನ್ನು ನನ್ನಿಂದಾಗದು. ಈ ಮನಸ್ಸನ್ನು ಎಷ್ಟು ತಿರುಗಿಸಿದರೂ ಬಿಟ್ಟ ಕೂಡಲೇ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಇನ್ನೂ ಹಟ ಹಿಡಿದರೆ ನಾನೇ ಮುರಿದುಹೋಗುತ್ತೇನೆ. ಈ ಸಾಧನೆ ಬಿಟ್ಟುಬಿಡಲೇ?” ಎಂದು ಶಿಷ್ಯ ಮಡಿವಾಳಯ್ಯ ಕೇಳಿದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ನೀರಿಗಾಗಿ ಕೈಯಿಂದಲೇ ಬೋರು ಕೊರೆಯುವ ಕೈಬೋರಿನವನೊಬ್ಬನಿದ್ದ. ಸರಳಿಗೆ ಸರಳು ಜೋಡಿಸಿ ನೆಲದೊಳಕ್ಕೆ ಇಳಿಸುವುದು, ಮೇಲಿನ ಹಿಡಿಕೆಯನ್ನು ಆಳುಗಳಿಂದ ತಿರುಗಿಸುವುದು ಅವನ ಕಸುಬು. ಒಂದು ಊರಿನಲ್ಲಿ ಆಳದ ಜೇಡಿಮಣ್ಣು ಸರಳಿನ ಮೊನೆಯನ್ನು ಕಚ್ಚಿ ಹಿಡಿಯಿತು. ಅವನಲ್ಲಿದ್ದ ಸರಳೆಲ್ಲ ಆ ಗುಂಡಿಯಲ್ಲೇ ಇದ್ದವು, ಮೇಲೆ ಉಳಿದದ್ದು ಒಂದೇ. ಅವು ಹೋದರೆ ಕಸುಬೇ ಹೋದಂತೆ.

ಆಳುಗಳು ಹಿಡಿಕೆಗೆ ಹೆಗಲು ಕೊಟ್ಟರು. ಹಿಡಿಕೆ ಕಾಲು ಸುತ್ತು ಬಂತು, ಕೆಳಗೆ ಮೊನೆ ಮಿಸುಕಲಿಲ್ಲ. ಸರಳು ತಿರುಚಿಕೊಳ್ಳುತ್ತಿದೆ ಎಂದು ಗೊತ್ತಾದದ್ದೇ ತಡ, ಎಲ್ಲಿ ಮುರಿದು ಮೈಮೇಲೆ ಬರುತ್ತದೋ ಎಂದು ಕೈ ಸಡಿಲಿಸಿದರು. ಹಿಡಿಕೆ ಸರ್ರನೆ ಹಿಂದಕ್ಕೆ ಬಂತು. ಮತ್ತೆ ತಿರುಗಿಸಿದರು, ಮತ್ತೆ ಬಿಟ್ಟರು. ದಿನವಿಡೀ ಇದೇ ಗೋಳು. ಮೇಲಿನಷ್ಟನ್ನು ಕತ್ತರಿಸಿಕೊಂಡು ಹೋಗೋಣ ಎಂದು ಅವರು ಗೊಣಗತೊಡಗಿದರು. ಅವನಿಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೂ ಬಿಟ್ಟುಹೋಗಲು ಮನಸ್ಸು ಒಪ್ಪಲಿಲ್ಲ.

ಅವನು ಉಳಿದಿದ್ದ ಸರಳಿನ ಒಂದು ತುದಿಯನ್ನು ಬಂಡೆಯ ಸಂದಿಗೆ ಬಿಗಿದ. ಉದ್ದಕ್ಕೂ ಸುಣ್ಣದ ಗೆರೆ ಎಳೆದ. ಇನ್ನೊಂದು ತುದಿಗೆ ಅಂಥದೇ ಹಿಡಿಕೆ ಹಾಕಿ, ಅಷ್ಟೂ ಆಳುಗಳಿಂದ ಮೈಯಲ್ಲಿದ್ದ ಬಲವೆಲ್ಲ ಹಾಕಿಸಿ ತಿರುಚಿಸಿದ. ಗೆರೆ ಓರೆಯಾಯಿತು, ಹಿಡಿಕೆಯ ತುದಿ ಒಂದು ಗೇಣು ಸರಿಯಿತು. ಬಿಟ್ಟಾಗ ಗೆರೆ ಮತ್ತೆ ನೇರವಾಯಿತು. ಒಂದು ಸರಳು ಕೆಡದೆ ಒಂದು ಗೇಣು ಸರಿದರೆ, ನೆಲದೊಳಗೆ ಎಷ್ಟು ಸರಳಿದೆಯೋ ಅಷ್ಟು ಗೇಣು ಸರಿಯಬಹುದಲ್ಲವೇ? ಅವನು ಬಗ್ಗಿ, ಹಿಡಿಕೆಯ ತುದಿ ನಿಂತಿದ್ದಲ್ಲಿಂದ ಅದು ಸುತ್ತುವ ದಾರಿಯುದ್ದಕ್ಕೂ ಸರಳಿಗೊಂದರಂತೆ ಗೇಣು ಹಾಕುತ್ತಾ ಹೋದ. ಲೆಕ್ಕ ಮುಗಿದಲ್ಲಿ ಒಂದು ಗೂಟ ನೆಟ್ಟ. ಆಳುಗಳು ಕೈಬಿಡುತ್ತಿದ್ದ ಜಾಗ ಅದರ ಅರ್ಧ ದಾರಿಯಲ್ಲಿತ್ತು.

“ಗೂಟ ಮುಟ್ಟುವ ತನಕ ಇದು ಮುರಿಯುವುದಿಲ್ಲ. ಮುರಿದರೆ ಮೊದಲ ಪೆಟ್ಟು ನನಗೇ ಬೀಳಲಿ” ಎಂದು ತಾನೇ ಹಿಡಿಕೆಯ ತುದಿಗೆ ನಿಂತ.

ಈ ಸಲ ಯಾರೂ ಕೈಬಿಡಲಿಲ್ಲ. ಗೂಟಕ್ಕೆ ಇನ್ನೊಂದು ಮೊಳ ಇದೆ ಎನ್ನುವಾಗ ಕೆಳಗಿನ ಮಣ್ಣು ಹಿಡಿತ ಬಿಟ್ಟಿತು. ಸಂಜೆಯೊಳಗೆ ಸರಳೆಲ್ಲ ಮೇಲೆ ಬಂದವು.

“ಸರಳಿಗೆ ಏನೂ ಆಗಲಿಲ್ಲವೇ?” ಎಂದು ಮಡಿವಾಳಯ್ಯ ಕೇಳಿದ.

ಗುರುಗಳು ಅವನನ್ನೇ ನೋಡಿದರು. “ಮುರಿದುಹೋಗುತ್ತೇನೆ ಎಂದೆಯಲ್ಲಪ್ಪ, ಅದನ್ನು ಅಳೆದು ಹೇಳಿದೆಯೋ, ಹೆದರಿ ಹೇಳಿದೆಯೋ?”