ಇಟಲಿಗೆ ಏಳು ಸೀಟು

ಗುತ್ತಿಗೆದಾರ ರುದ್ರಗೌಡರು ಹೆಂಡತಿಯೊಂದಿಗೆ ಇಟಲಿ ಸುತ್ತಲು ಹೊರಡುವವರಿದ್ದರು. ಕಾರು ಓಡಿಸಲು ತಮ್ಮ ಡ್ರೈವರನ್ನೇ ಕರೆದೊಯ್ಯುವುದೆಂದು ನಿಶ್ಚಯಿಸಿದರು. ಅಲ್ಲಿ ಬಾಡಿಗೆಗೆ ಏಳು ಸೀಟಿನ ದೊಡ್ಡ ಕಾರೇ ಬೇಕೆಂದರು.

"ಅಲ್ಲಿಯ ಹಳೇ ಊರುಗಳ ಓಣಿ ಬಹಳ ಇಕ್ಕಟ್ಟಂತೆ, ಧಣಿ. ಚಿಕ್ಕ ಕಾರು ಸಾಕು," ಎಂದ ಡ್ರೈವರ್.

"ನನ್ನ ಅಂತಸ್ತು ನೋಡಿ ಮಾತಾಡೋ! ಕಾರಿಗೆ ಒಂದು ಗೀರು ಬಿದ್ದರೂ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ."

ಡ್ರೈವರ್ ತಲೆಯಾಡಿಸಿದ. "ಆಗಲಿ ಧಣಿ, ಏಳು ಸೀಟಿನದೇ ಹೇಳ್ತೀನಿ. ನಾವು ಮೂವರು, ನಾಲ್ಕು ಸೀಟು ಖಾಲಿ. ಅಮ್ಮಾವ್ರಿಗೆ ಈಗಲೇ ತಿಳಿಸಲಾ? ಅವರ ತಮ್ಮಂದಿರೆಲ್ಲ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಾರಂತೆ."

ಗೌಡರು ಅಡುಗೆಮನೆಯ ಕಡೆ ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಮೂರೇ ಸೀಟಿನ ಕಾರು ಸಿಗೋದಿಲ್ವೇನೋ?"