ಗೀಜಗನ ಗೂಡಿಗೆ ಕಿಂಡಿ

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಗಂಡು ಗೀಜಗಗಳು ಗೂಡು ನೇಯುತ್ತಿದ್ದವು. ಪಕ್ಕದ ಜಾಲಿಮರದ ಕಾಜಾಣ ಅಲ್ಲಿನ ಹಕ್ಕಿಗಳಿಗೆಲ್ಲ ಕಾವಲುಗಾರ. ಕಾಗೆ, ಹದ್ದುಗಳನ್ನು ಅಟ್ಟಿ ಓಡಿಸುತ್ತಿದ್ದವನು ಅವನೇ. ಒಮ್ಮೆ ಒಂದು ಗೂಡಿಗೆ ಹಾವು ನುಗ್ಗಿತು. ಮರುದಿನವೇ ಕಾಜಾಣ, "ಪ್ರತಿ ಗೂಡಿಗೂ ಒಂದು ಕಿಂಡಿ ಬಿಡಿ. ಒಳಗೆ ಏನು ನಡೆಯುತ್ತಿದೆಯೆಂದು ನಾನು ನೋಡುತ್ತಿರುತ್ತೇನೆ" ಎಂದು ಅಪ್ಪಣೆ ಮಾಡಿದ. ಗಂಡುಗಳು ತಲೆಯಾಡಿಸಿ ಕಿಂಡಿ ಬಿಟ್ಟವು.

ಆದರೆ ಗೂಡು ಒಪ್ಪುವುದು, ಬಿಡುವುದು ಹೆಣ್ಣಿಗೆ ಸೇರಿದ್ದು. ಮೊಟ್ಟೆಯಿಡಲು ಜಾಗ ಹುಡುಕಿ ಬಂದ ಹೆಣ್ಣು ಗೀಜಗ ಒಂದೊಂದು ಗೂಡನ್ನೂ ಹೊಕ್ಕು, ನಾರು ಎಳೆದು ನೋಡಿ, ಕಿಂಡಿ ಕಂಡೊಡನೆ ಹೊರಬಂದಳು. ಒಂದೂ ಅವಳಿಗೆ ಒಪ್ಪಿಗೆಯಾಗಲಿಲ್ಲ.

"ಯಾಕಮ್ಮ, ಬಚ್ಚಿಡುವಂಥದ್ದು ಏನಿದೆ ನಿನ್ನ ಹತ್ತಿರ?" ಎಂದ ಕಾಜಾಣ. "ನನ್ನ ಗೂಡು ನೋಡು, ಅದಕ್ಕೆ ಮುಚ್ಚಳವೇ ಇಲ್ಲ."

"ಹಾಗಾದರೆ ನೋಡಿಯೇ ಬಿಡುತ್ತೇನೆ" ಎಂದು ಅವಳು ಜಾಲಿಮರಕ್ಕೆ ಹಾರಿದಳು. ಗೂಡಿನ ಅಂಚಿಗೆ ಕಾಲಿಡುವ ಮೊದಲೇ ಕಾಜಾಣ ಕಿರುಚುತ್ತ ಮೇಲೆರಗಿ ಅವಳ ನೆತ್ತಿಯ ಪುಕ್ಕ ಕಿತ್ತ.

"ಮೊಟ್ಟೆಯಿದೆ ಅಲ್ಲಿ! ಇಣುಕಲು ನೀನು ಯಾರು?"

ಅವಳು ಈಚಲು ಮರಕ್ಕೆ ಮರಳಿ ರೆಕ್ಕೆ ಕೊಡವಿಕೊಂಡಳು. "ನಾನು ಬಚ್ಚಿಡುವುದೂ ಅದನ್ನೇ, ಕಾಜಾಣರಾಯರೇ. ಕಾವಲು ಬೇಡವೆಂದು ನಾನು ಹೇಳಲಿಲ್ಲ. ಹಾವು ಬರುವುದು ಹೊರಗಿನಿಂದ. ನೀವೂ ಹೊರಗಡೆಯೇ ನೋಡಿ."

ಗಂಡುಗಳು ಮುಖ ಮುಖ ನೋಡಿಕೊಂಡು ಕಿಂಡಿ ಮುಚ್ಚಲು ಹುಲ್ಲು ತರಹೋದವು.