ಹೆಸರು ಹೇಳದ ಸಂದೇಶ

ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿನ ಶಿಷ್ಯರು ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತಿದ್ದರು, ಆಮೇಲೆ ಹಳೆಯದೊಂದು ಯುನಿಕ್ಸ್ ಕಂಪ್ಯೂಟರಿನ ಮುಂದೆ ಕುಳಿತು ಪ್ರೋಗ್ರಾಂ ಬರೆಯುತ್ತಿದ್ದರು. ಧ್ಯಾನದಲ್ಲಿ ನಿದ್ದೆ ಬರುತ್ತಿತ್ತು, ಪ್ರೋಗ್ರಾಂ ಬರೆಯುವಾಗ ಬರುತ್ತಿರಲಿಲ್ಲ.

ಅಲ್ಲೊಂದು ಪದ್ಧತಿ. ಪ್ರೋಗ್ರಾಂ ಕೆಟ್ಟರೆ ಅದು ಪರದೆಯ ಮೇಲೆ ಮೊದಲು ತನ್ನ ಹೆಸರು ಹೇಳಬೇಕು, ಆಮೇಲೆ ಏನು ಮಾಡಲು ಹೋಗಿತ್ತು ಎಂದು, ಕೊನೆಗೆ ಯಾಕೆ ಆಗಲಿಲ್ಲ ಎಂದು.

ಶಂಭುಲಿಂಗ ಎಂಬ ಶಿಷ್ಯ ಇದನ್ನು ಬಿಟ್ಟಿದ್ದ. ಹಿಂದೊಮ್ಮೆ ಅವನ ಪ್ರೋಗ್ರಾಂ ಕೆಟ್ಟು, ಅದರ ಹೆಸರು ಇಡೀ ದಿನ ಪರದೆಯ ಮೇಲೆ ನಿಂತಿತ್ತು. ಉಳಿದವರು ಊಟಕ್ಕೆ ಕೂತಾಗಲೂ ಅವನನ್ನು ಆಡಿಕೊಂಡಿದ್ದರು. ಅಂದಿನಿಂದ ಅವನ ಪ್ರೋಗ್ರಾಂಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು: 'ದೋಷ ಉಂಟಾಗಿದೆ.'

ಮಳೆಗಾಲದ ಒಂದು ಬೆಳಿಗ್ಗೆ ಪರದೆಯ ಮೇಲೆ ಆ ಮಾತು ಬಂತು.

ಕೆಟ್ಟಿದ್ದು ಶಂಭುಲಿಂಗನದೇ ಯಾವುದೋ ಒಂದು. ಅವನು ಬರೆದದ್ದು ಒಂದೇ ಪ್ರೋಗ್ರಾಂ ಅಲ್ಲ. ಪ್ರಾರ್ಥನೆಯ ಗಂಟೆಗೆ ಒಂದಿತ್ತು, ಕೊಟ್ಟಿಗೆಯ ಪಂಪಿಗೆ ಒಂದಿತ್ತು. ಮೇಲಿನ ಅಣೆಕಟ್ಟಿನಿಂದ ನೀರಿನ ಅಳತೆ ತರಿಸಿಕೊಂಡು, ನೀರು ಏರಿದರೆ ದಡದಲ್ಲಿ ಸೈರನ್ ಕೂಗಿಸುವುದೂ ಅವನದೇ. ಆ ಸೈರನ್ ನಂಬಿಕೊಂಡು ದ್ಯಾಮವ್ವ ಊರವರನ್ನು ದಾಟಿಸುವ ದೋಣಿ ನಡೆಸುತ್ತಿದ್ದಳು.

ಗುರು ಬಂದು ಅವನ ಬೆನ್ನ ಹಿಂದೆ ನಿಂತರು. ಶಿಷ್ಯರು ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು.

"ಯಾವುದು ಕೆಟ್ಟದ?"

"ಗೊತ್ತಿಲ್ರೀ ಅಜ್ಜಾರ."

"ಯಾಕ ಕೆಟ್ಟದ?"

"ಅದನ್ನೂ ಹೇಳಿಲ್ರೀ."

"ಮಷೀನಿಗೆ ಗೊತ್ತಿತ್ತೇನು?"

ಗೊತ್ತಿತ್ತು. ಪ್ರೋಗ್ರಾಂ ಕೇಳಿದರೆ ಯುನಿಕ್ಸ್ ಕಾರಣ ಹೇಳುತ್ತದೆ. ಹಾಗೆ ಕೇಳುವಂತೆ ಬರೆಯುವ ಗೋಜಿಗೇ ಶಂಭುಲಿಂಗ ಹೋಗಿರಲಿಲ್ಲ.

ಅವನು ಒಂದೊಂದನ್ನೇ ತೆರೆದು ನೋಡತೊಡಗಿದ. ಗಂಟೆ ಸರಿ ಇತ್ತು. ಪಂಪು ಸರಿ ಇತ್ತು. ಅಣೆಕಟ್ಟಿನ ಅಳತೆ ಮಾತ್ರ ಬೆಳಗಿನ ಜಾವದಿಂದ ಬಂದಿರಲಿಲ್ಲ. ನೀರು ಎಷ್ಟೇ ಏರಿದರೂ ಸೈರನ್ ಕೂಗುವಂತಿರಲಿಲ್ಲ.

ಕಿಟಕಿಯಿಂದ ಹೊರಗೆ ನೋಡಿದ. ಆಚೆ ದಡದ ಹೊಲಕ್ಕೆ ಕಳೆ ತೆಗೆಯಲು ಹೊರಟ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ದ್ಯಾಮವ್ವನ ದೋಣಿ ದಡ ಬಿಟ್ಟಾಗಿತ್ತು.

ಶಂಭುಲಿಂಗ ನದಿಗೆ ಓಡಿದ. ಗುರು ಹಿಂದೆಯೇ ಬಂದರು.

"ಕೆಟ್ಟದ, ದ್ಯಾಮವ್ವಾ, ಕೆಟ್ಟದ" ಎಂದು ಅವನು ಗಂಟಲು ಹರಿಯುವಂತೆ ಕೂಗಿದ.

ಆಕೆ ಹುಟ್ಟು ಹಾಕುವುದನ್ನು ನಿಲ್ಲಿಸಿ ಮೊದಲು ದೋಣಿಯ ತಳ ನೋಡಿದಳು. ಆಮೇಲೆ ಬೆಂಕಿ ಗಿಂಕಿ ಬಿದ್ದಿದೆಯೇನೋ ಎಂದು ಆಶ್ರಮದ ಕಡೆ ನೋಡಿದಳು. ಹೆಣ್ಣುಮಕ್ಕಳು ಗಾಬರಿಯಾಗಿ ಎದ್ದು ನಿಂತರು. ದೋಣಿ ಓಲಾಡಿತು.

"ಆಕಿಗೆ ಏನು ತಿಳೀತು?" ಎಂದರು ಗುರು.

ಶಂಭುಲಿಂಗ ಎರಡೂ ಕೈ ಬಾಯಿಗೆ ಹಿಡಿದು ಮತ್ತೆ ಕೂಗಿದ.

"ನಾ ಶಂಭುಲಿಂಗ. ನನ್ನ ಸೈರನ್ ಕೆಟ್ಟದ. ಡ್ಯಾಮಿನ ಅಳತಿ ಬಂದಿಲ್ಲ, ನೀರು ಬಿಟ್ಟಿರಬಹುದು. ಹೊಳ್ಳಿ ಬಾ ಯವ್ವಾ."

ದ್ಯಾಮವ್ವ ಈ ಸಲ ಅಣೆಕಟ್ಟಿನ ಕಡೆ ನೋಡಿದಳು. ಹೆಣ್ಣುಮಕ್ಕಳನ್ನು ಕೂರಿಸಿ ದೋಣಿ ತಿರುಗಿಸಿದಳು.

ಅವರೆಲ್ಲ ದಡ ಹತ್ತಿದ ಸ್ವಲ್ಪ ಹೊತ್ತಿಗೆ ಕೆಂಪು ನೀರು ಬಂದು ದಡದ ಮೆಟ್ಟಿಲುಗಳನ್ನು ಮುಚ್ಚಿತು. ದ್ಯಾಮವ್ವ ನೀರು ನೋಡುತ್ತ ನಿಂತಳು, ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆಯೊಳಗೆ ಅವನು ತನ್ನ ಪ್ರೋಗ್ರಾಂಗಳ ಸಂದೇಶಗಳನ್ನೆಲ್ಲ ತಿದ್ದಿ ಗುರುಗಳಿಗೆ ತೋರಿಸಿದ. ಹೆಸರು ಇತ್ತು, ಕೆಲಸ ಇತ್ತು, ಕಾರಣ ಇತ್ತು. ಆದರೂ ಮುಖ ಬಾಡಿತ್ತು.

"ನಾಳೆ ಮತ್ತ ಕೆಟ್ರ ಎಲ್ಲಾರಿಗೂ ನನ್ನ ತಪ್ಪು ಕಾಣ್ತದ್ರೀ ಅಜ್ಜಾರ. ನನಗ ಅಂಜಿಕಿ ಆಗ್ತದ."

ಗುರು ಪರದೆಯನ್ನು ಕೊನೆಯವರೆಗೂ ಓದಿ ಎದ್ದರು.

"ಅಂಜಿಕಿ ನೀ ಇಟ್ಕೋ. ಅವರಿಗೆ ಸುದ್ದಿ ಕೊಡು."